ರೊಟ್ಟಿ ಬುತ್ತಿ, ಉಳಿತಾಯದ ಡಬ್ಬಿ: ಕಡಿಮೆ ಖರ್ಚಿನಲ್ಲಿ ಪ್ರವಾಸ ಮಾಡುವುದು ಹೇಗೆ?



‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಗಾದೆ ಮಾಡಿದ್ದಾರೆ. ಕೋಶ ಓದಲು ಗ್ರಂಥಾಲಯ ಇದೆ. ದೇಶ ಸುತ್ತಲು ಮಾತ್ರ ರೊಕ್ಕ ಬೇಕು. ಪ್ರವಾಸದ ಹೆಸರು ಬರೆಸುವಾಗ ಯಾವ ಶಾಲೆಯಲ್ಲಾದರೂ ನಾಲ್ಕೈದು ಮಕ್ಕಳು ತಲೆ ಕೆಳಗೆ ಹಾಕಿ ಕುಳಿತಿರುತ್ತಾರೆ. ಕೇಳಿದರೆ ಒಬ್ಬರು ‘ನನಗ ಬಸ್ಸಿನ್ಯಾಗ ವಾಂತಿ ಆಗತೈತಿ’ ಅಂತಾರ. ಇನ್ನೊಬ್ಬರು ‘ಹೊಲದಾಗ ಕೆಲಸ ಐತಿ’ ಅಂತಾರ. ಖರೇ ಕಾರಣ ಬೇರೆ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಆದ್ದರಿಂದ ಒಂದು ತರಗತಿಯ ಎಲ್ಲರೂ, ಒಬ್ಬರೂ ಬಿಡದಂತೆ, ಪ್ರವಾಸಕ್ಕೆ ಹೋಗಲು ಎಷ್ಟು ರೊಕ್ಕ ಬೇಕು, ಅದನ್ನು ಹೇಗೆ ಕೂಡಿಸಬಹುದು ಎಂಬುದನ್ನು ಈ ಲೇಖನದಲ್ಲಿ ಲೆಕ್ಕ ಸಮೇತ ಬರೆದಿದ್ದೇನೆ. ಲೆಕ್ಕ ತಪ್ಪಿದ್ದರೆ ಗುರುಗಳು ಕೆಂಪು ಮಸಿಯಿಂದ ತಿದ್ದಬೇಕಾಗಿ ವಿನಂತಿ.

1. ಉಳಿತಾಯ ಎಂದರೇನು?

ಬಂದ ಹಣದಲ್ಲಿ ಬೇಕಾದ್ದಕ್ಕೆ ಖರ್ಚು ಮಾಡಿ, ಬೇಡವಾದ್ದಕ್ಕೆ ಮಾಡದೆ, ಮುಂದಿನ ಕೆಲಸಕ್ಕೆ ಇಡುವುದೇ ಉಳಿತಾಯ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮೂರಿನವರಿಗಂತೂ ಹನಿಯ ಮಾತು ಹೊಸದಲ್ಲ. ರಾಮಥಾಳದ ಹೆಸರಿನಲ್ಲೇ ಒಂದು ದೊಡ್ಡ ಹನಿ ನೀರಾವರಿ ಯೋಜನೆ ಇದೆ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರನ್ನು ಮೇಲೆತ್ತಿ, ಕೊಳವೆಗಳಲ್ಲಿ ತಂದು, ಹುನಗುಂದ ಸೀಮೆಯ ಸುಮಾರು 24 ಸಾವಿರ ಹೆಕ್ಟೇರ್ ಹೊಲಗಳಿಗೆ ಹನಿ ಹನಿಯಾಗಿ ಕೊಡಬೇಕೆಂದು ರೂಪಿಸಿದ ಯೋಜನೆ ಅದು. ಈ ಹನಿ ಪದ್ಧತಿ ಇಸ್ರೇಲ್ ಎಂಬ ನೀರಿಲ್ಲದ ದೇಶದಲ್ಲಿ 1960 ರ ದಶಕದಲ್ಲಿ ಬೆಳೆದು ಬಂತು. ಅದರ ಗುಟ್ಟು ಬಹಳ ಸರಳ. ಹೊಲಕ್ಕೆಲ್ಲ ನೀರು ಹಾಯಿಸಬಾರದು, ಬೇರಿಗೆ ಎಷ್ಟು ಬೇಕೋ ಅಷ್ಟೇ ಕೊಡಬೇಕು. ಉಳಿತಾಯದ ಗುಟ್ಟೂ ಇದೇ. ಎಲ್ಲಿ ಬೇರು ಐತಿ ಅಲ್ಲಿ ನೀರು, ಎಲ್ಲಿ ಅವಶ್ಯ ಐತಿ ಅಲ್ಲಿ ರೊಕ್ಕ.

1924 ರಲ್ಲಿ ಇಟಲಿ ದೇಶದ ಮಿಲಾನ್ ನಗರದಲ್ಲಿ ಬೇರೆ ಬೇರೆ ದೇಶಗಳ ಉಳಿತಾಯ ಬ್ಯಾಂಕಿನವರು ಸಭೆ ಸೇರಿ, ಅಕ್ಟೋಬರ್ 31 ನ್ನು ವಿಶ್ವ ಉಳಿತಾಯ ದಿನ ಎಂದು ಸಾರಿದರು. ನಮ್ಮ ದೇಶದಲ್ಲಿ ಇದನ್ನು ಅಕ್ಟೋಬರ್ 30 ರಂದು ಆಚರಿಸುತ್ತಾರೆ. ನಮ್ಮ ಶಾಲೆಯಲ್ಲೂ ಆ ದಿನ ಒಂದು ಭಾಷಣ ಸ್ಪರ್ಧೆ ಇಡಬಹುದು. ಇದಕ್ಕೇನೂ ಖರ್ಚಿಲ್ಲ.

2. ನಮ್ಮ ಹಿರಿಯರ ಸೋವಿ ಪ್ರವಾಸ

ಪ್ರವಾಸ ಅಂದರೆ ಬಸ್ಸು ಬಾಡಿಗೆ ಮಾಡಿ ಮೈಸೂರಿಗೆ ಹೋಗುವುದು ಅಷ್ಟೇ ಅಲ್ಲ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ ಉಂಡು ಬರುತ್ತೇವಲ್ಲ, ಅದು ನಮ್ಮ ಸೀಮೆಯ ಹಳೆಯ ಪ್ರವಾಸ. ಅದಕ್ಕೆ ಟಿಕೆಟ್ ಇಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದವರೂ ರೊಟ್ಟಿ ಗಂಟು ಕಟ್ಟಿಕೊಂಡೇ ಹೋಗುತ್ತಿದ್ದರು. ಕಟಕ ರೊಟ್ಟಿ ಎಂಟು ದಿನ ಇಟ್ಟರೂ ಕೆಡುವುದಿಲ್ಲ, ಯಾಕಂದ್ರ ಅದರೊಳಗೆ ನೀರಿನ ಅಂಶ ಉಳಿದಿರುವುದಿಲ್ಲ. ನೀರಿಲ್ಲದಲ್ಲಿ ಬೂಸ್ಟು ಬೆಳೆಯುವುದಿಲ್ಲ ಎಂದು ವಿಜ್ಞಾನದಲ್ಲಿ ಓದಿದ್ದೇವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳೂ ಒಣ ಪುಡಿ ಆದ್ದರಿಂದ ಹಾಗೆಯೇ. ಹೋಟೆಲು ಇಲ್ಲದ ಕಾಲದಲ್ಲಿ ನಮ್ಮ ಅವ್ವಂದಿರು, ಅಮ್ಮಂದಿರು ಕಂಡುಹಿಡಿದ ವಿಜ್ಞಾನ ಇದು.

3. ನಮ್ಮ ಹತ್ತಿರವೇ ಇರುವ ಜಗತ್ತು

ಬೆಂಗಳೂರಿನವರು, ಪರದೇಶದವರು ಸಾವಿರಾರು ರೂಪಾಯಿ ಖರ್ಚು ಮಾಡಿ ನೋಡಲು ಬರುವ ಸ್ಥಳಗಳು ನಮ್ಮ ಜಿಲ್ಲೆಯಲ್ಲೇ ಅದಾವ. ನಮಗೆ ಅವು ಹಿತ್ತಲ ಗಿಡ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ ಆಗಿದೆ.

ಅ) ಐಹೊಳೆ: ಇದು ನಮ್ಮ ಹುನಗುಂದ ತಾಲೂಕಿನಲ್ಲೇ ಇದೆ. ಅಮೀನಗಡದ ಮೇಲೆ ಹಾದು ಹೋಗಬೇಕು. ಇಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ದುರ್ಗ ಗುಡಿ ಹಿಂಭಾಗದಲ್ಲಿ ದುಂಡಗಿದೆ. ದುರ್ಗಾದೇವಿಯಿಂದ ಆ ಹೆಸರು ಬಂದಿಲ್ಲ, ಹತ್ತಿರ ಕೋಟೆ ಅಂದರೆ ದುರ್ಗ ಇದ್ದುದರಿಂದ ಬಂದಿದೆ. ಗುಡ್ಡದ ಮೇಲೆ ಮೇಗುತಿ ಜಿನಾಲಯ ಇದೆ. ಅಲ್ಲಿ ಕ್ರಿ.ಶ. 634 ರ ಶಾಸನವಿದ್ದು, ಅದನ್ನು ಬರೆದವನು ರವಿಕೀರ್ತಿ. ಅದರಲ್ಲಿ ಇಮ್ಮಡಿ ಪುಲಕೇಶಿಯ ಪರಾಕ್ರಮದ ವರ್ಣನೆ ಇದೆ. ಸಮಾಜ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಪುಲಕೇಶಿಯ ವಿಷಯ ಅಲ್ಲಿ ಕಲ್ಲಿನ ಮೇಲೆಯೇ ಇದೆ.

ಆ) ಪಟ್ಟದಕಲ್ಲು: ಐಹೊಳೆಯಿಂದ ಸುಮಾರು 13 ಕಿ.ಮೀ. ಮಲಪ್ರಭಾ ನದಿಯ ದಂಡೆಯಲ್ಲಿದೆ. 1987 ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವ ಪರಂಪರೆಯ ತಾಣ ಎಂದು ಪಟ್ಟಿಗೆ ಸೇರಿಸಿದರು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಅವಳ ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು.

ಇ) ಬಾದಾಮಿ: ಪಟ್ಟದಕಲ್ಲಿನಿಂದ ಸುಮಾರು 22 ಕಿ.ಮೀ. ಕೆಂಪು ಗುಡ್ಡ ಕೊರೆದು ಮಾಡಿದ ನಾಲ್ಕು ಗುಹೆಗಳಿವೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578 ರ ಮಂಗಳೇಶನ ಶಾಸನವಿದೆ. ಅಗಸ್ತ್ಯ ತೀರ್ಥದ ಹತ್ತಿರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿ ಕನ್ನಡದ ಬಹಳ ಹಳೆಯ ತ್ರಿಪದಿಗಳಿವೆ. ಇಲ್ಲಿ ಮಂಗ್ಯಾಗಳ ಕಾಟ ಬಹಳ. ಬುತ್ತಿಯನ್ನು ಬಾಯಿ ಕಟ್ಟಿದ ಚೀಲದಲ್ಲಿಯೇ ಇಡಬೇಕು. ಇಲ್ಲದಿದ್ದರ ನಮ್ಮ ರೊಟ್ಟಿ ಅವುಗಳ ಪಾಲು.

ಈ) ಕೂಡಲಸಂಗಮ: ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಸ್ಥಳ. ಬಸವಣ್ಣನವರು ವಿದ್ಯೆ ಕಲಿತ ಮತ್ತು ಐಕ್ಯರಾದ ಪುಣ್ಯಭೂಮಿ. ಹಿನ್ನೀರು ಬರುವುದರಿಂದ ಐಕ್ಯ ಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ದರ್ಶನ ಮಾಡಬೇಕು. ಭಕ್ತರಿಗೆ ದಾಸೋಹದ ಪ್ರಸಾದ ಇರುತ್ತದೆ.

4. ಯಾವುದಕ್ಕೆ ಹಣ ಬೇಕು, ಯಾವುದಕ್ಕೆ ಬೇಡ?

ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ಲಕ್ಷ್ಯ ಕೊಟ್ಟು ಓದಿರಿ.

ಪ್ರವೇಶ ಶುಲ್ಕ: ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವೇ ಇಲ್ಲ. ಅಂದರೆ ನಾವೆಲ್ಲ ಪುಕ್ಕಟೆ ನೋಡಬಹುದು. ದೊಡ್ಡವರಿಗೆ 2018 ರಲ್ಲಿ ಮಾಡಿದ ದರದ ಪ್ರಕಾರ ಸ್ಥಳದಲ್ಲಿ ನಗದು ಕೊಟ್ಟರೆ ಪಟ್ಟದಕಲ್ಲಿಗೆ 40 ರೂ., ಐಹೊಳೆಯ ದುರ್ಗ ಗುಡಿಯ ಆವರಣಕ್ಕೆ 25 ರೂ., ಬಾದಾಮಿಯ ಗುಹೆಗಳಿಗೆ 25 ರೂ. ಫೋನಿನಲ್ಲಿ ಟಿಕೆಟ್ ತೆಗೆದರೆ ತಲಾ 5 ರೂ. ಕಡಿಮೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ. ಅಂದು ಎಲ್ಲರಿಗೂ ಉಚಿತ ಪ್ರವೇಶ ಇಡುತ್ತಾರೆ.

ಬಸ್ಸು: 2023 ರ ಜೂನ್ 11 ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದಿದೆ. ಇದರ ಪ್ರಕಾರ ರಾಜ್ಯದ ಮಹಿಳೆಯರು ಮತ್ತು ಹುಡುಗಿಯರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗಾದರೂ ಪುಕ್ಕಟೆ ಹೋಗಬಹುದು. ಆದರೆ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು. 12 ವರ್ಷ ತುಂಬಿದ ಹುಡುಗರಿಗೆ ಪೂರ್ತಿ ಟಿಕೆಟ್. ಬಾಡಿಗೆಗೆ ಹಿಡಿದ ಬಸ್ಸಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ.

ಊಟ: ರೊಟ್ಟಿ, ಚಟ್ನಿ, ಮೊಸರು, ಉಳ್ಳಾಗಡ್ಡಿ ಮನೆಯಿಂದ. ಎಲ್ಲರ ಬುತ್ತಿ ನಡುವೆ ಇಟ್ಟು ಹಂಚಿ ಉಂಡರೆ ಯಾರದು ಸಣ್ಣದು, ಯಾರದು ದೊಡ್ಡದು ಎಂದು ಗೊತ್ತಾಗುವುದಿಲ್ಲ.

ನೀರು: ಒಂದು ಲೀಟರ್ ಬಾಟಲಿಗೆ ಅಂಗಡಿಯಲ್ಲಿ 20 ರೂ. ಹಿಡಿದರೆ, 30 ಮಂದಿ ಎರಡೆರಡು ಕೊಂಡರೆ 30 × 2 × 20 = 1,200 ರೂ. ಆಗುತ್ತದೆ. ಮನೆಯಿಂದ ತುಂಬಿಕೊಂಡು ಹೋದರೆ ಸೊನ್ನೆ. ಪ್ಲಾಸ್ಟಿಕ್ ಬಾಟಲಿ ಗುಡಿಯ ಮುಂದೆ ಬಿಸಾಡಿ ಬರುವುದೂ ತಪ್ಪುತ್ತದೆ.

ಗೈಡ್: ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪು ಒಂದೊಂದು ಗುಡಿಯ ವಿಷಯ ಮೊದಲೇ ಓದಿಕೊಂಡು ಬಂದು ಉಳಿದವರಿಗೆ ಹೇಳಬೇಕು. ಬೇರೆಯವರಿಗೆ ಹೇಳಿದ ಪಾಠ ಮರೆಯುವುದಿಲ್ಲ. ಅಲ್ಲಿ ಇಲಾಖೆಯವರು ಕನ್ನಡ ಫಲಕ ಹಾಕಿರುತ್ತಾರೆ, ಅದನ್ನೂ ವಹಿಯಲ್ಲಿ ಬರೆದುಕೊಳ್ಳಬಹುದು.

5. ಲೆಕ್ಕ ನೋಡೋಣ

ಉದಾಹರಣೆಗೆ ಒಂದು ತರಗತಿಯಲ್ಲಿ 30 ಮಕ್ಕಳು ಇದ್ದಾರೆ ಎಂದು ಹಿಡಿಯೋಣ. 16 ಹುಡುಗಿಯರು, 14 ಹುಡುಗರು. ಜೊತೆಗೆ ಒಬ್ಬ ಗುರುಗಳು, ಒಬ್ಬ ಗುರುಮಾತೆ. ಐಹೊಳೆ, ಪಟ್ಟದಕಲ್ಲು ಎರಡೇ ಸ್ಥಳ. ಒಂದೇ ದಿನದಲ್ಲಿ ಬಾದಾಮಿಯನ್ನೂ ಸೇರಿಸಿದರೆ ಯಾವುದನ್ನೂ ಸರಿಯಾಗಿ ನೋಡಿದ ಹಾಗೆ ಆಗುವುದಿಲ್ಲ.

ಮೊದಲನೆಯ ರೀತಿ: ಬಸ್ಸು ಬಾಡಿಗೆಗೆ ಹಿಡಿಯುವುದು. ಬಾಡಿಗೆ 12,000 ರೂ. ಎಂದುಕೊಂಡರೆ ಒಬ್ಬರಿಗೆ 12,000 ÷ 30 = 400 ರೂ. ಊಟ, ನೀರು ಬೇರೆ.

ಎರಡನೆಯ ರೀತಿ: ದಿನವೂ ಓಡುವ ಸರಕಾರಿ ಬಸ್ಸಿನಲ್ಲಿ ಹೋಗುವುದು. ಹೋಗಿ ಬರುವ ಟಿಕೆಟ್ ಎಲ್ಲ ಸೇರಿ ಒಬ್ಬರಿಗೆ 160 ರೂ. ಹಿಡಿಯೋಣ.

ಹುಡುಗರು: 14 × 160 = 2,240 ರೂ.
ಗುರುಗಳು: 160 ರೂ.
ಹುಡುಗಿಯರು ಮತ್ತು ಗುರುಮಾತೆ: 0
ಮಕ್ಕಳ ಪ್ರವೇಶ ಶುಲ್ಕ: 0
ದೊಡ್ಡವರ ಪ್ರವೇಶ ಶುಲ್ಕ: 2 × (40 + 25) = 130 ರೂ.
ಒಟ್ಟು: 2,530 ರೂ.

ಈಗ ಡಬ್ಬಿಯ ಲೆಕ್ಕ. ಪ್ರತಿಯೊಬ್ಬರು ವಾರಕ್ಕೆ 5 ರೂ. ಹಾಕಿದರೆ 20 ವಾರಕ್ಕೆ ಒಬ್ಬರದು 100 ರೂ. 30 ಮಂದಿದು 3,000 ರೂ. ಖರ್ಚು ಕಳೆದು 470 ರೂ. ಉಳಿಯುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ನಾಲ್ಕು ಮಂದಿ ಒಂದು ರೂಪಾಯಿನೂ ಹಾಕಲಿಲ್ಲ ಎಂದು ತಿಳಿಯೋಣ. ಆಗ 26 × 100 = 2,600 ರೂ. ಕೂಡುತ್ತದೆ. ಬೇಕಾದದ್ದು 2,530. ಇನ್ನೂ 70 ರೂ. ಉಳಿಯಿತು! ಅಂದರೆ ಆ ನಾಲ್ಕು ಮಂದಿಯೂ ಬರಬಹುದು. ಇದು ದಾನ ಅಲ್ಲ, ಲೆಕ್ಕವೇ ಹಾಗೆ ಇದೆ. ಆದ್ದರಿಂದ ಡಬ್ಬಿಯಲ್ಲಿ ಯಾರು ಎಷ್ಟು ಹಾಕಿದರು ಎಂದು ಹೆಸರು ಬರೆಯಬಾರದು. ವಾರಕ್ಕೊಮ್ಮೆ ಒಟ್ಟು ಎಷ್ಟು ಕೂಡಿತು ಎಂಬುದನ್ನು ಮಾತ್ರ ಕರಿಹಲಗೆಯ ಮೂಲೆಯಲ್ಲಿ ಬರೆಯಬೇಕು. ಡಬ್ಬಿ ಗುರುಗಳ ಕಪಾಟಿನಲ್ಲಿ, ಕೀಲಿ ಗುರುಮಾತೆಯ ಹತ್ತಿರ, ಎಣಿಸುವವರು ಇಬ್ಬರು ಮಕ್ಕಳು. ಹೀಗಾದರೆ ಯಾರಿಗೂ ಸಂಶಯ ಬರುವುದಿಲ್ಲ, ಯಾರಿಗೂ ನಾಚಿಕೆಯೂ ಆಗುವುದಿಲ್ಲ.

ಕೆಲವು ಹುಡುಗಿಯರು ‘ನಮಗ ಟಿಕೆಟ್ ಪುಕ್ಕಟೆ ಐತಿ, ಹುಡುಗರ ಟಿಕೆಟಿಗೆ ನಾವ್ಯಾಕ ರೊಕ್ಕ ಹಾಕಬೇಕು?’ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಹುಡುಗರೇ ಎಲ್ಲ ಕೊಡಬೇಕೆಂದರೆ 2,530 ÷ 14, ಅಂದರೆ ಒಬ್ಬನಿಗೆ ಸುಮಾರು 181 ರೂ. ಆಗುತ್ತದೆ. ಆಗ ಮತ್ತೆ ಕೆಲವು ಹುಡುಗರು ‘ವಾಂತಿ ಆಗತೈತಿ’ ಅನ್ನಲು ಶುರು ಮಾಡುತ್ತಾರೆ. ನಾನೂ ಹುಡುಗಿಯೇ. ನನ್ನ ಅಭಿಪ್ರಾಯ ಏನೆಂದರೆ, ಪ್ರವಾಸ ಹೋಗುವುದು ತರಗತಿ, ಬರೇ ಹುಡುಗಿಯರಲ್ಲ. ಗುಡಿಯಲ್ಲಿ ಕಂಬ ಎಲ್ಲ ಸೇರಿ ಚಾವಣಿ ಹೊತ್ತ ಹಾಗೆ ನಾವೂ ಹೊರಬೇಕು. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

ಇನ್ನೆರಡು ಸೂಚನೆ. ಐಹೊಳೆಯಿಂದ ಪಟ್ಟದಕಲ್ಲಿಗೆ ಬಸ್ಸು ಕಡಿಮೆ. ಹೋಗುವ ಮೊದಲೇ ನಿಲ್ದಾಣದಲ್ಲಿ ಕೇಳಿ ಸಮಯ ಬರೆದುಕೊಳ್ಳಬೇಕು. ಕೊನೆಯ ಬಸ್ಸು ತಪ್ಪಿದರೆ ಉಳಿಸಿದ್ದೆಲ್ಲ ಜೀಪಿನ ಬಾಡಿಗೆಗೆ ಹೋಗುತ್ತದೆ. ಪಾಲಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ ಇಲ್ಲದೆ ಹೋಗಬಾರದು.

6. ವಾರದ 5 ರೂಪಾಯಿ ಎಲ್ಲಿಂದ ತರುವುದು?

ದಿನನಿತ್ಯದ ಸಣ್ಣ ಸಣ್ಣ ಉಳಿತಾಯದಿಂದ.

(1) ಪೊಟ್ಟಣದ ತಿಂಡಿ: ಅಂಗಡಿಯ 5 ರೂ. ಪೊಟ್ಟಣದ ಹಿಂದೆ ತೂಕ ಬರೆದಿರುತ್ತದೆ, ಓದಿ ನೋಡಿ. 10 ಗ್ರಾಂ ಇದ್ದರೆ ಒಂದು ಕಿಲೋಕ್ಕೆ 500 ರೂ. ಬಿತ್ತು! ಅಷ್ಟು ರೊಕ್ಕಕ್ಕೆ ಶೇಂಗಾ ಎಷ್ಟು ಕಿಲೋ ಬರುತ್ತದೆ ಎಂದು ನಿಮ್ಮ ಅಪ್ಪನನ್ನು ಕೇಳಿರಿ. ಪೊಟ್ಟಣದೊಳಗೆ ಅರ್ಧ ಗಾಳಿ. ವಾರಕ್ಕೆ ಒಂದು ಪೊಟ್ಟಣ ಬಿಟ್ಟರೆ ಡಬ್ಬಿಯ 5 ರೂ. ಆಯಿತು. ಶೇಂಗಾ ಬೆಲ್ಲ ತಿಂದರೆ ಮೈಗೂ ಒಳ್ಳೆಯದು.

(2) ಮುದ್ರಿತ ಬೆಲೆ: ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚು ಯಾರೂ ತೆಗೆದುಕೊಳ್ಳಬಾರದು. ಆ ಬೆಲೆಯಲ್ಲಿ ತೆರಿಗೆ ಎಲ್ಲ ಸೇರಿರುತ್ತದೆ. ಓದಿ ಕೊಡಬೇಕು. ಓದು ಬರದ ಹಿರಿಯರಿಗೆ ನಾವು ಓದಿ ಹೇಳಬೇಕು.

(3) ಹಳೆ ವಹಿ: ವರ್ಷದ ಕೊನೆಗೆ ವಹಿಗಳಲ್ಲಿ ಖಾಲಿ ಹಾಳೆ ಉಳಿಯುತ್ತವೆ. ಅವನ್ನು ಬಿಚ್ಚಿ, ದಬ್ಬಣದಿಂದ ಹೊಲಿದರೆ ಒಂದು ಕಚ್ಚಾ ವಹಿ. ಈ ಗೋಡೆ ಪತ್ರಿಕೆಯ ಕರಡನ್ನು ಅಂಥ ವಹಿಯಲ್ಲೇ ಬರೆದದ್ದು.

(4) ಪುಸ್ತಕ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020 ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6 ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಕಥೆ ಪುಸ್ತಕ ಕೊಳ್ಳಬೇಕಿಲ್ಲ, ತಂದು ಓದಿ ವಾಪಸ್ ಕೊಟ್ಟರೆ ಸಾಕು.

(5) ವಿದ್ಯುತ್: ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 60 × 5 × 30 = 9,000 ವ್ಯಾಟ್-ತಾಸು, ಅಂದರೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 1.35 ಯೂನಿಟ್ ಮಾತ್ರ. 2023 ರಿಂದ ಗೃಹಜ್ಯೋತಿ ಯೋಜನೆ ಇದೆ, ಬಿಲ್ಲು ಬರುವುದಿಲ್ಲವಲ್ಲ ಎಂದು ಕೆಲವರು ಹಗಲೂ ಲೈಟು ಹಚ್ಚುತ್ತಾರೆ. ಆದರೆ ಪ್ರತಿ ಮನೆಗೂ ಹಿಂದಿನ ಬಳಕೆ ನೋಡಿ ಒಂದು ಮಿತಿ ಹಾಕಿರುತ್ತಾರೆ, ಹೆಚ್ಚೆಂದರೆ 200 ಯೂನಿಟ್. ಮಿತಿ ದಾಟಿದರೆ ರೊಕ್ಕ ಕಟ್ಟಬೇಕು.

(6) ನೀರು: ನಳ ಒಂದು ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ 86,400 ಹನಿ. 20 ಹನಿಗೆ 1 ಮಿಲಿ ಲೀಟರ್ ಹಿಡಿದರೆ 4,320 ಮಿ.ಲೀ., ಅಂದರೆ ನಾಲ್ಕು ಲೀಟರಿಗಿಂತ ಹೆಚ್ಚು. ಬಿಸಿಯೂಟ ಆದ ಮೇಲೆ ಕೈ ತೊಳೆದ ನೀರನ್ನು ಕರಿಬೇವು, ನುಗ್ಗಿ ಗಿಡಕ್ಕೆ ಬಿಟ್ಟರೆ ಪಲ್ಯಕ್ಕೆ ಕಾಯಿ, ಸಾರಿಗೆ ಎಲೆ.

(7) ಹಳೆ ಬಟ್ಟೆ: ಇಳಕಲ್ಲಿನ ಸೀರೆ ಲೋಕಪ್ರಸಿದ್ಧ. ಟೋಪು ತೆನಿ ಸೆರಗನ್ನು ಮೈಗೆ ಕೊಂಡಿ ಹಾಕಿ ಜೋಡಿಸಿ ನೇಯುವುದು ಅದರ ವಿಶೇಷ. ಆ ಸೀರೆ ಹಬ್ಬಕ್ಕೆ ಉಟ್ಟು, ಆಮೇಲೆ ದಿನದ ಕೆಲಸಕ್ಕೆ ಉಟ್ಟು, ಹರಿದ ಮೇಲೆ ಕೌದಿ ಆಗುತ್ತದೆ. ಕೌದಿ ಹಳೆಯದಾದರೆ ಹಾಸುವ ಚಿಂದಿ, ಕಡೆಗೆ ಒಲೆ ಒರೆಸುವ ಅರಿವೆ. ಅಂಗಡಿಯಿಂದ ಚಾದರ ತಾರದೆ ಚಳಿಗಾಲ ದಾಟಿಸುವ ಈ ಕಲೆಯನ್ನು ಅಮ್ಮಂದಿರಿಂದ ನಾವು ಹುಡುಗ ಹುಡುಗಿ ಎಲ್ಲರೂ ಕಲಿಯಬೇಕು.

7. ಕೂಡಿದ ಹಣ ಎಲ್ಲಿ ಇಡಬೇಕು?

ಮಣ್ಣಿನ ಹುಂಡಿಯಲ್ಲಿ ಹಾಕಬಹುದು, ಆದರೆ ಅದು ಮರಿ ಹಾಕುವುದಿಲ್ಲ. 10 ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯಬಹುದು. ಕನಿಷ್ಠ 500 ರೂ. ಇರಬೇಕು, ವರ್ಷಕ್ಕೆ ಶೇ. 4 ಬಡ್ಡಿ. ತಿಂಗಳಿಗೆ 100 ರೂ. ನಂತೆ 5 ವರ್ಷ ಕಟ್ಟುವ ಆವರ್ತ ಠೇವಣಿಯೂ ಇದೆ. 2023 ರ ಅಕ್ಟೋಬರಿನಲ್ಲಿ ಆದ ಶೇ. 6.7 ರ ದರದಲ್ಲಿ, ಕಟ್ಟಿದ 6,000 ರೂ. ಗೆ ಸುಮಾರು 7,136 ರೂ. ಬರುತ್ತದೆ.

ಈಗ ಸಾಲದ ಲೆಕ್ಕ ನೋಡಿ. ಊರುಗಳಲ್ಲಿ ‘ನೂರಕ್ಕ ತಿಂಗಳಾ ಐದು’ ಎಂಬ ಮಾತು ಕೇಳಿರುತ್ತೀರಿ. ಐದು ಎಂದರೆ ಸಣ್ಣದು ಅನಿಸುತ್ತದೆ. ಆದರೆ 1,000 ರೂ. ಗೆ ತಿಂಗಳಿಗೆ 50 ರೂ., ವರ್ಷಕ್ಕೆ 600 ರೂ. ಆಯಿತು. ಅಂದರೆ ಶೇ. 60! ಅದೇ ಸಾವಿರ ಅಂಚೆ ಕಚೇರಿಯಲ್ಲಿದ್ದರೆ ನಮಗೆ ವರ್ಷಕ್ಕೆ 40 ರೂ. ಬರುತ್ತಿತ್ತು. ಬರುವುದು 40, ಹೋಗುವುದು 600. ಬಿತ್ತನೆಗೆ, ಆಸ್ಪತ್ರೆಗೆ ಸಾಲ ಮಾಡುವುದು ಅನಿವಾರ್ಯ ಇರಬಹುದು. ಜಾತ್ರೆಗೆ, ಆಡಂಬರಕ್ಕೆ ಇಂಥ ಸಾಲ ಮಾಡಬಾರದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಇದಕ್ಕೇ ಹೇಳಿದ್ದು. 2000-01 ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ತಾಯಂದಿರು ಸಂಘ ಕಟ್ಟಿ, ವಾರ ವಾರ ಹಣ ಕೂಡಿಸಿ, ತಮ್ಮೊಳಗೇ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರೆ. ನಮ್ಮ ಪ್ರವಾಸದ ಡಬ್ಬಿ ಎಂದರೆ ಅದರ ಮರಿ ಇದ್ದ ಹಾಗೆ.

8. ಉಳಿತಾಯ ಬೇರೆ, ಜಿಪುಣತನ ಬೇರೆ

ಇದನ್ನು ತಿಳಿಯದಿದ್ದರೆ ಮೇಲಿನದೆಲ್ಲ ಓದಿ ಪ್ರಯೋಜನ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಇದ್ದರು. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡಿ ಬದುಕುತ್ತಿದ್ದರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದದ್ದು ಇಷ್ಟು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸ್ ಕಳಿಸಿದಳು. ನೆಲದ ಮೇಲಿನ ಒಂದು ಕಾಳೂ ಹಾಳಾಗಬಾರದು, ಆದರೆ ಬೇಕಾದದ್ದಕ್ಕಿಂತ ಒಂದು ಕಾಳೂ ಹೆಚ್ಚು ಬೇಡ. ಎರಡೂ ಕೂಡಿದರೇನೇ ಉಳಿತಾಯ. ಮೊದಲನೆಯದು ಮಾತ್ರ ಇದ್ದರೆ ಅದು ಆಸೆಬುರುಕತನ.

ಹಾಗೆಯೇ ಉಳಿಸಬಾರದ ಖರ್ಚುಗಳೂ ಇವೆ. ಜ್ವರ ಬಂದಾಗ ಔಷಧಿ, ಕೈ ತೊಳೆಯುವ ಸಾಬೂನು, ಹೊಟ್ಟೆ ತುಂಬ ಊಟ, ಬರೆಯಲು ಪೆನ್ನು. ಇವುಗಳಲ್ಲಿ ಉಳಿಸಲು ಹೋದರೆ ಆಮೇಲೆ ಹೆಚ್ಚು ಖರ್ಚು. ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ಕೂಡುವುದು, ವಯಸ್ಸು ಸುಳ್ಳು ಹೇಳಿ ಅರ್ಧ ಟಿಕೆಟ್ ಕೇಳುವುದು ಉಳಿತಾಯ ಅಲ್ಲ, ಕಳವು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.’

ಇನ್ನೊಂದು ಮಾತು. ಮಳೆ ಇಲ್ಲದ ವರ್ಷ ನಮ್ಮ ಸೀಮೆಯ ಎಷ್ಟೋ ಮನೆಯವರು ದುಡಿಯಲು ಮಂಗಳೂರು, ಗೋವಾ ಕಡೆ ಗುಳೆ ಹೋಗುತ್ತಾರೆ. ಅವರು ಖರ್ಚು ಹೆಚ್ಚು ಮಾಡಿ ಬಡವರಾದವರಲ್ಲ. ಒಂದು ಹೊತ್ತಿನ ಎಣ್ಣೆಯನ್ನೂ ಲೆಕ್ಕ ಮಾಡಿ ಹಾಕುವವರು. ಅಂಥವರಿಗೆ ‘ಉಳಿತಾಯ ಮಾಡ್ರಿ’ ಎಂದು ಉಪದೇಶ ಮಾಡುವುದು ಸರಿಯಲ್ಲ. ನಮಗಿಂತ ಚೆನ್ನಾಗಿ ಉಳಿತಾಯ ಅವರಿಗೆ ಗೊತ್ತು. ಅದಕ್ಕೇ ನಾನು ಡಬ್ಬಿಗೆ ಹೆಸರು ಬರೆಯಬೇಡಿ ಎಂದದ್ದು.

9. ಮನೆಯಲ್ಲಿ ಮಾಡಿ ನೋಡಿ

(ಅ) ನಿಮ್ಮ ಮನೆಯಲ್ಲಿ ಎಷ್ಟು ಬಲ್ಬು ಇವೆ? ಒಟ್ಟು ಎಷ್ಟು ವ್ಯಾಟ್? ದಿನಕ್ಕೆ 5 ತಾಸಿನಂತೆ ತಿಂಗಳಿಗೆ ಎಷ್ಟು ಯೂನಿಟ್?
(ಆ) ಒಂದು ತಂಬಿಗೆಯನ್ನು ಸೋರುವ ನಳದ ಕೆಳಗೆ ಒಂದು ತಾಸು ಇಡಿ. ಎಷ್ಟು ನೀರು ಕೂಡಿತು? ದಿನಕ್ಕೆ ಎಷ್ಟು?
(ಇ) 500 ರೂ. ಸಾಲಕ್ಕೆ ‘ನೂರಕ್ಕ ತಿಂಗಳಾ ಮೂರು’ ಬಡ್ಡಿಯಾದರೆ ವರ್ಷಕ್ಕೆ ಬಡ್ಡಿ ಎಷ್ಟು? ಶೇಕಡಾ ಎಷ್ಟು?
(ಈ) ಒಂದು ತರಗತಿಯಲ್ಲಿ 25 ಮಕ್ಕಳು, ಅದರಲ್ಲಿ 10 ಹುಡುಗರು. ಹುಡುಗರ ಟಿಕೆಟ್ ತಲಾ 160 ರೂ. ಎಲ್ಲ ಮಕ್ಕಳೂ ಸಮನಾಗಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟು?

ಉತ್ತರಗಳನ್ನು ಚೀಟಿಯಲ್ಲಿ ಬರೆದು ಗೋಡೆ ಪತ್ರಿಕೆಯ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿರಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

ಗೆಳೆಯರೇ, ಏಳನೇ ತರಗತಿ ಮುಗಿದ ಮೇಲೆ ನಾವು ಎಲ್ಲರೂ ಒಂದೇ ಶಾಲೆಗೆ ಹೋಗುತ್ತೇವೆ ಎಂದು ಹೇಳಲು ಬರುವುದಿಲ್ಲ. ಕೆಲವರು ಹುನಗುಂದಕ್ಕೆ, ಕೆಲವರು ಇಳಕಲ್ಲಿಗೆ, ಕೆಲವರು ಹಾಸ್ಟೆಲಿಗೆ. ಅಷ್ಟರೊಳಗೆ ಒಂದು ದಿನ ಮೇಗುತಿ ಗುಡ್ಡದ ಮೇಲೆ ಎಲ್ಲರೂ ಕೂಡಿ ರೊಟ್ಟಿ ಉಣ್ಣಬೇಕು. ಅದಕ್ಕೆ ಬೇಕಾದದ್ದು ಒಂದು ಡಬ್ಬಿ, 20 ವಾರ ಮತ್ತು ತಲಾ 5 ರೂಪಾಯಿ. ಡಬ್ಬಿಯನ್ನು ನಾನು ತರುತ್ತೇನೆ. ಗುರುಗಳು ಒಪ್ಪಿಗೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ, ರಾಮಥಾಳ